ಹಂಚಿಕೊಂಡ ಕಚೇರಿ: ವಿಮೆ ಯಾರದು, ನಷ್ಟ ಯಾರದು?

ಬೆಂಗಳೂರಿನ ಕೋ-ವರ್ಕಿಂಗ್ ಕಚೇರಿಗಳಲ್ಲಿ ಸೀಟು ಹಿಡಿಯುವ ಸಣ್ಣ ಉದ್ಯಮಿಗಳು ತಿಂಗಳ ಬಾಡಿಗೆಯಲ್ಲೇ ವಿಮೆಯೂ ಸೇರಿದೆ ಎಂದುಕೊಳ್ಳುವುದುಂಟು. ಇದು ದುಬಾರಿ ನಂಬಿಕೆ. ಮಾಲೀಕರ ಪಾಲಿಸಿ ಕಟ್ಟಡಕ್ಕೆ, ಕಚೇರಿ ನಡೆಸುವ ಸಂಸ್ಥೆಯ ಪಾಲಿಸಿ ಅದು ಹಾಕಿಸಿದ ಮೇಜು, ಕುರ್ಚಿ, ಎಸಿಗಳಿಗೆ. ನಿಮ್ಮ ಲ್ಯಾಪ್‌ಟಾಪ್, ಸರ್ವರ್, ಸರಕು ಸಾಮಾನ್ಯವಾಗಿ ಎರಡರಲ್ಲೂ ಇರುವುದಿಲ್ಲ. ಆದ್ದರಿಂದ ಮೊದಲ ಕೆಲಸ ವಿಮಾ ಏಜೆಂಟರನ್ನು ಹುಡುಕುವುದಲ್ಲ, ಸದಸ್ಯತ್ವದ ಕರಾರನ್ನು ಓದುವುದು. ಸದಸ್ಯರ ವಸ್ತುಗಳಿಗೆ ಸಂಸ್ಥೆ ಹೊಣೆಯೇ? ನಿಮ್ಮ ಚಾರ್ಜರ್‌ನಿಂದ ಬೆಂಕಿ ಹೊತ್ತಿದರೆ ಸಂಸ್ಥೆಗೆ ಪರಿಹಾರ ಕೊಟ್ಟ ವಿಮಾ ಕಂಪನಿ ಆ ಹಣವನ್ನು ನಿಮ್ಮಿಂದ ವಸೂಲು ಮಾಡಬಹುದೇ? ಉತ್ತರವನ್ನು ಇಮೇಲ್‌ನಲ್ಲಿ, ಬರಹದಲ್ಲೇ ಪಡೆಯಿರಿ.

ಸಂಸ್ಥೆಯ ಅಜಾಗರೂಕತೆಯಿಂದಲೇ ನಷ್ಟವಾದರೆ ಅದೇ ಕಟ್ಟಿಕೊಡಬೇಕಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅಜಾಗರೂಕತೆಯನ್ನು ಸಾಬೀತುಪಡಿಸುವ ಹೊರೆ ನಿಮ್ಮ ಮೇಲಿರುತ್ತದೆ. ಪರಿಹಾರಕ್ಕೆ ಮಿತಿ ಹಾಕುವ ಷರತ್ತಿಗೆ ನೀವೇ ಸಹಿ ಹಾಕಿರಬಹುದು. 2022ರ ಸೆಪ್ಟೆಂಬರ್ ಮಳೆಗೆ ಹೊರವರ್ತುಲ ರಸ್ತೆ, ಬೆಳ್ಳಂದೂರು ಸುತ್ತಲಿನ ಐಟಿ ಪ್ರದೇಶ ಜಲಾವೃತವಾಯಿತು. ಅಂಥ ನಷ್ಟದಲ್ಲಿ ಯಾರ ತಪ್ಪೆಂದು ಬೊಟ್ಟು ಮಾಡುವುದೇ ಕಷ್ಟ, ವ್ಯಾಜ್ಯ ಮುಗಿಯುವವರೆಗೆ ಸಂಬಳ ಕಾಯುವುದಿಲ್ಲ.

ಮುಂದಿನದು ಲೆಕ್ಕ. ವಸ್ತುಗಳ ಪಟ್ಟಿ, ಬಿಲ್, ಫೋಟೊ, ಸೀರಿಯಲ್ ಸಂಖ್ಯೆಗಳನ್ನು ಕಚೇರಿಯ ಹೊರಗೂ ಒಂದು ಕಡೆ ಇಡಿ. ಪ್ರೀಮಿಯಂ ಉಳಿಸಲು ಮೌಲ್ಯ ಇಳಿಸಬೇಡಿ: 10 ಲಕ್ಷದ ವಸ್ತುಗಳಿಗೆ 6 ಲಕ್ಷಕ್ಕೆ ವಿಮೆ ಮಾಡಿಸಿ 2 ಲಕ್ಷ ನಷ್ಟವಾದರೆ ಅನುಪಾತದ ನಿಯಮದಂತೆ ಸಿಗುವುದು 1.2 ಲಕ್ಷ. ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2021ರ ಏಪ್ರಿಲ್ 1ರಿಂದ ಜಾರಿಗೆ ತಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿ ಒಂದೇ ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಗೆ ಅನ್ವಯಿಸುತ್ತದೆ. ಬೆಂಕಿ, ಪ್ರವಾಹ, ಭೂಕಂಪ, ನೀರಿನ ಪೈಪ್ ಒಡೆಯುವಿಕೆ ಅದರಲ್ಲಿವೆ. ಮೌಲ್ಯ 15%ರವರೆಗೆ ಕಡಿಮೆ ನಮೂದಾಗಿದ್ದರೂ ಅದು ಕಡಿತ ಮಾಡುವುದಿಲ್ಲ. ಸಣ್ಣವರಿಗೆ ಇದು ದೊಡ್ಡ ಅನುಕೂಲವೇ ಸರಿ.

ಆದರೆ ಹಂಚಿಕೊಂಡ ಕಚೇರಿಯಲ್ಲಿ ಬೆಂಕಿಗಿಂತ ಹತ್ತಿರದ ಭಯ ಕಳ್ಳತನ. ಕಳವು ವಿಮೆ ಇದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ಇಂಥ ಪಾಲಿಸಿಗಳು ಸಾಮಾನ್ಯವಾಗಿ ಬೀಗ ಒಡೆದು, ಬಲವಂತದಿಂದ ಒಳನುಗ್ಗಿದ ಗುರುತು ಕೇಳುತ್ತವೆ. ಎಲ್ಲರಿಗೂ ತೆರೆದಿರುವ ಹಾಲ್‌ನ ಮೇಜಿನಿಂದ ಲ್ಯಾಪ್‌ಟಾಪ್ ಎತ್ತಿಕೊಂಡು ಹೋದರೆ ಅಂಥ ಗುರುತು ಎಲ್ಲಿಂದ ಬರಬೇಕು? ಅದಕ್ಕೆ ಕೈಯಲ್ಲಿ ಒಯ್ಯುವ ಉಪಕರಣಗಳ ಪ್ರತ್ಯೇಕ ವಿಮೆ ಬೇಕು. ಅದರಲ್ಲೂ ಕಾವಲಿಲ್ಲದೆ ಬಿಟ್ಟ ವಸ್ತುವಿನ ಷರತ್ತನ್ನು ಓದಿ. ಒಬ್ಬರೇ ಕೆಲಸ ಮಾಡುವವರಿಗೆ ಬಹುಶಃ ಈ ಉಪಕರಣ ವಿಮೆಯೊಂದೇ ಸಾಕು. ಗ್ರಾಹಕರ ಮಾಹಿತಿ ಇಟ್ಟುಕೊಂಡು ಎಲ್ಲರ ವೈಫೈ ಬಳಸುವವರು ಸೈಬರ್ ವಿಮೆಯನ್ನೂ, ಗ್ರಾಹಕರು ಬಂದುಹೋಗುವವರು ಹೊಣೆಗಾರಿಕೆ ವಿಮೆಯನ್ನೂ ಸೇರಿಸಬೇಕು.

ಪ್ರೀಮಿಯಂ ಪಾವತಿಯಾಗುವವರೆಗೆ ರಕ್ಷಣೆ ಶುರುವಾಗದು, ವಿಮಾ ಕಾಯ್ದೆಯ 64ವಿಬಿ ಕಲಮು ಇದನ್ನೇ ಹೇಳುತ್ತದೆ. ಪಾಲಿಸಿಯಲ್ಲಿ ವಿಳಾಸ, ಮಹಡಿ ಸರಿಯಾಗಿ ನಮೂದಾಗಿರಲಿ. ಸೀಟು ಬೇರೆ ಶಾಖೆಗೆ ಬದಲಾದರೆ ಕೂಡಲೇ ತಿಳಿಸಿ. ನಷ್ಟವಾದಾಗ ಕಂಪನಿಗೆ ತಕ್ಷಣ ತಿಳಿಸಿ, ಕಳವಾದರೆ ಪೊಲೀಸ್ ದೂರು ಕೊಡಿ, ಸರ್ವೇಯರ್ ನೋಡುವವರೆಗೆ ಹಾಳಾದ ವಸ್ತುಗಳನ್ನು ಎಸೆಯಬೇಡಿ. ಕಂಪನಿಗೆ ದೂರು ಕೊಟ್ಟು ತಿಂಗಳಾದರೂ ಪರಿಹಾರವಿಲ್ಲದಿದ್ದರೆ ಏಕವ್ಯಕ್ತಿ ಮಾಲೀಕರು ಮತ್ತು ಸೂಕ್ಷ್ಮ ಉದ್ಯಮಗಳವರು ಬೆಂಗಳೂರು ಜೆ.ಪಿ. ನಗರದ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ಹೋಗಬಹುದು.