ಪಿಯಾನೊ ನುಡಿಸುತ್ತಿದ್ದ ಮಹಾರಾಜರು


ನಮ್ಮ ಸಂಜಯನಗರದಿಂದ ಹೊರಟು ಮೇಖ್ರಿ ಸರ್ಕಲ್ ದಾಟಿದರೆ ಅರಮನೆ ಮೈದಾನ ಸಿಗುತ್ತದೆ. ಮೈಸೂರು ಅರಸರು ಬೆಂಗಳೂರಿಗೆ ಬಂದಾಗ ಇಳಿದುಕೊಳ್ಳುತ್ತಿದ್ದ ಅರಮನೆ ಅಲ್ಲಿಯೇ ಇದೆ. ಆ ಅರಸರಲ್ಲಿ ಕೊನೆಯವರು ಜಯಚಾಮರಾಜ ಒಡೆಯರ್. ಅವರಿಗೆ ಪಿಯಾನೊ ವಾದಕರಾಗಬೇಕು ಅಂತ ಆಸೆ ಇತ್ತು, ಗೊತ್ತೆ?

ಪಿಯಾನೊ ಎಂದರೇನು?
ನೋಡೋಕೆ ಹಾರ್ಮೋನಿಯಂ ಥರ ಕರಿ, ಬಿಳಿ ಕೀಗಳಿರುತ್ತವೆ. ಆದರೆ ಹಾರ್ಮೋನಿಯಂನಲ್ಲಿ ಗಾಳಿಯಿಂದ ಸ್ವರ ಬರುತ್ತದೆ, ಪಿಯಾನೊದಲ್ಲಿ ತಂತಿಯಿಂದ. ಕೀ ಒತ್ತಿದಾಗ ಒಳಗೆ ಉಣ್ಣೆ ಹೊದಿಸಿದ ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಮೆಲ್ಲಗೆ ಒತ್ತಿದರೆ ಮೆಲುದನಿ, ಜೋರಾಗಿ ಒತ್ತಿದರೆ ಗಟ್ಟಿದನಿ. ಸಾಮಾನ್ಯವಾಗಿ 52 ಬಿಳಿ, 36 ಕರಿ, ಒಟ್ಟು 88 ಕೀಗಳು. ಕಛೇರಿ ಕೊಡುವ ಮಟ್ಟಕ್ಕೆ ಬರಲು ಚಿಕ್ಕಂದಿನಿಂದ ದಿನವೂ ಗಂಟೆಗಟ್ಟಲೆ ಸಾಧನೆ ಮಾಡಬೇಕು.

ಆಸೆ ಒಂದು, ಪಟ್ಟ ಒಂದು
ಜಯಚಾಮರಾಜ ಒಡೆಯರ್ ಹುಟ್ಟಿದ್ದು 1919ರ ಜುಲೈ 18ರಂದು. ಎಳೆಯ ವಯಸ್ಸಿನಿಂದಲೇ ಪಾಶ್ಚಾತ್ಯ ಸಂಗೀತ ಕಲಿತರು. 1940ರ ಮಾರ್ಚಿನಲ್ಲಿ ತಂದೆ ಕಂಠೀರವ ನರಸಿಂಹರಾಜ ಒಡೆಯರ್ ತೀರಿಕೊಂಡರು. ಆಗಸ್ಟಿನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ಹೋದರು. 21ನೇ ವಯಸ್ಸಿಗೆ ರಾಜ್ಯದ ಭಾರ ಹೆಗಲಿಗೆ ಬಿತ್ತು. ದೇಶದೇಶ ತಿರುಗಿ ಕಛೇರಿ ಮಾಡುವ ಕನಸು ಅಲ್ಲಿಗೇ ನಿಂತಿತು.

ಆದರೂ ಪಾಠ ಬಿಡಲಿಲ್ಲ. 1945ರಲ್ಲಿ, ರಾಜರಾಗಿದ್ದಾಗಲೇ, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು.

ಬೇರೆಯವರ ಸಂಗೀತಕ್ಕೆ ಆಸರೆ
ರಷ್ಯಾದಲ್ಲಿ ಹುಟ್ಟಿದ ನಿಕೊಲಾಯ್ ಮೆಡ್ನರ್ ದೊಡ್ಡ ಪಿಯಾನೊ ವಾದಕರು, ಸಂಗೀತ ರಚನಕಾರರು. ಮುಪ್ಪಿನಲ್ಲಿ ಲಂಡನ್ನಿನಲ್ಲಿದ್ದರು. ಯುದ್ಧದಿಂದ ವರಮಾನ ನಿಂತು ಕಷ್ಟದಲ್ಲಿದ್ದರು, ಆರೋಗ್ಯವೂ ಕೆಟ್ಟಿತ್ತು. ಆಗ ನಮ್ಮ ಮಹಾರಾಜರು ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಮೆಡ್ನರ್ ತಾವೇ ನುಡಿಸಿದ ಗ್ರಾಮಾಫೋನ್ ತಟ್ಟೆಗಳು ಹೊರಬಂದವು. ಅವರು ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಮೆಡ್ನರ್ ತೀರಿಕೊಂಡರು. ಅವರ ಬೆರಳಿನ ನಾದ ಇಂದಿಗೂ ಕೇಳಲು ಸಿಗುತ್ತದೆ.

1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮಹಾರಾಜರು ಮೊದಲ ಅಧ್ಯಕ್ಷರಾದರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಮೊದಲ ಬಾರಿಗೆ ಹಾಡಲ್ಪಟ್ಟದ್ದೂ ಇವರ ನೆರವಿನಿಂದಲೇ.

‘ರಾಜರ ಹತ್ತಿರ ದುಡ್ಡಿತ್ತು, ಕೊಟ್ಟರು, ಅದೇನು ಮಹಾ?’ ಅಂತ ಕೇಳಬಹುದು. ದುಡ್ಡು ಇದ್ದವರು ಬಹಳ ಜನ. ಆದರೆ ಜನ ಮರೆತ ಒಬ್ಬ ಮುದುಕರ ಸಂಗೀತ ಉಳಿಯಬೇಕಾದದ್ದು ಅಂತ ತಿಳಿಯಲು ಕಿವಿ ಪಳಗಿರಬೇಕು. ಆ ಕಿವಿ ಬಂದದ್ದು ತಾವೇ ಕೂತು ಮಾಡಿದ ಸಾಧನೆಯಿಂದ.

ಮುಂದೆ ಕರ್ನಾಟಕ ಸಂಗೀತದ ಕಡೆ ತಿರುಗಿ, ‘ಶ್ರೀವಿದ್ಯಾ’ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. 1974ರಲ್ಲಿ ನಿಧನರಾದರು.

ಕಲಿತ ವಿದ್ಯೆಗೆ ವೇದಿಕೆ ಸಿಗದೇ ಇರಬಹುದು. ಹಾಗಂತ ವಿದ್ಯೆ ದಂಡವಾಗುವುದಿಲ್ಲ.

ಉತ್ತರಿಸಿರಿ
1. ಹಾರ್ಮೋನಿಯಂಗೂ ಪಿಯಾನೊಗೂ ಏನು ವ್ಯತ್ಯಾಸ?
2. ಮಹಾರಾಜರ ಕನಸು ಏಕೆ ನಿಂತಿತು?
3. ಮೆಡ್ನರ್ ಅವರಿಗೆ ಬರೀ ಹಣ ಕೊಡದೆ, ಧ್ವನಿಮುದ್ರಣ ಮಾಡಿಸಿದ್ದರಿಂದ ಏನು ಲಾಭವಾಯಿತು? ಯೋಚಿಸಿ ಬರೆಯಿರಿ.