ಹಳೆಯ ವಾಹನದ ಹೊಗೆ: ಮರುಕಳಿಸುವ ದೋಷದ ಮೂಲವನ್ನು ಅರಸುವ ಕ್ರಮ

ಘಟಪ್ರಭೆಯ ನೀರುಂಡು ಬೆಳೆದ ಕಬ್ಬು ಕಾರ್ಖಾನೆಗಳ ಕಡೆಗೆ ಹೊರಟ ಮೇಲೆ ಕೌಜಲಗಿಯ ಸುತ್ತಣ ರಸ್ತೆಗಳಲ್ಲಿ ಎಷ್ಟು ಬಗೆಯ ವಾಹನಗಳು ಓಡಾಡುತ್ತವೆಯೋ ಅಷ್ಟು ಬಗೆಯ ಹೊಗೆಯೂ ಕಾಣಸಿಗುತ್ತದೆ. ಅವುಗಳಲ್ಲಿ ಹದಿನೈದು ವರ್ಷ ದಾಟಿ ಮರುನೋಂದಣಿ ಪಡೆದ ಜೀಪು, ಬೊಲೆರೊ, ಮಾರುತಿ 800, ಹೀರೊ ಹೋಂಡಾಗಳ ಒಡೆಯರಿಗೆ ಆರು ತಿಂಗಳಿಗೊಮ್ಮೆ ತಪ್ಪದೆ ಒದಗುವ ಸಂಕಟವೊಂದುಂಟು. ಹೊಗೆಯ ಪ್ರಮಾಣಪತ್ರದ ಅವಧಿ ತೀರುತ್ತದೆ. ಗಾಡಿ ಪರೀಕ್ಷೆಯಲ್ಲಿ ಸೋಲುತ್ತದೆ. ಮಿಸ್ತ್ರಿ ಏನನ್ನೋ ಬದಲಿಸಿ, ಏನನ್ನೋ ತಿರುಗಿಸಿ ಗೆಲ್ಲಿಸಿ ಕಳಿಸುತ್ತಾನೆ. ಹಂಗಾಮು ಮುಗಿಯುವುದರೊಳಗೆ “ಮತ್ತ ಹೊಗಿ ಉಗುಳಾಕ ಹತ್ತೈತಿ” ಎಂಬ ಮಾತು ಕೇಳಿಬರುತ್ತದೆ. ಇಂಥ ದೋಷಗಳ ಬೆನ್ನು ಹತ್ತಿ ಹೋದರೆ ಬಹುಮಟ್ಟಿಗೆ ಕಾಣುವುದು ಇಷ್ಟೇ: ಕೆಟ್ಟ ಭಾಗವನ್ನು ಬದಲಿಸಲಾಗಿದೆ, ಅದನ್ನು ಕೆಡಿಸಿದ ಭಾಗವನ್ನು ಯಾರೂ ಮುಟ್ಟಿಲ್ಲ. ಆದುದರಿಂದ ಮುಂದೆ ಹೇಳತಕ್ಕ ಕ್ರಮವು ಅಗ್ಗದ ತಪಾಸಣೆಯಿಂದ ದುಬಾರಿಯದಕ್ಕೆ, ಗಾಳಿ ಒಳಹೋಗುವ ತುದಿಯಿಂದ ಹೊಗೆ ಹೊರಬೀಳುವ ತುದಿಗೆ ಸಾಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲವನ್ನು ನೋಡುವುದು ಇದರ ನಿಯಮ.

ಮೊದಲ ಹೆಜ್ಜೆಯಲ್ಲಿ ಪಾನವನ್ನು (ಸ್ಪ್ಯಾನರನ್ನು) ಕೈಗೆತ್ತಿಕೊಳ್ಳಲೇ ಕೂಡದು. ಹೊಗೆಯ ಬಣ್ಣವನ್ನು ಎಲ್ಲರೂ ನೋಡುತ್ತಾರೆ; ಅದು ಯಾವ ಗಳಿಗೆಯಲ್ಲಿ ಬರುತ್ತದೆಂಬುದನ್ನು ನೋಡುವವರು ವಿರಳ, ಮತ್ತು ನಿದಾನಕ್ಕೆ ಬೇಕಾದುದು ಅದೇ. ನೀಲಿ ಹೊಗೆಯೆಂದರೆ ಎಂಜಿನ್ ಆಯಿಲ್ ಉರಿಯುತ್ತಿದೆಯೆಂದು ಅರ್ಥ. ಆದರೆ ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಗ್ಗೆ ಚಾಲೂ ಮಾಡಿದಾಗ ಮಾತ್ರ ಒಂದು ಬುಗ್ಗೆ ಬಂದು ನಿಂತರೆ ವಾಲ್ವ್ ಸೀಲಿನ ಕಡೆಗೂ, ಇಳಿಜಾರಿನಲ್ಲಿ ಎಕ್ಸಲರೇಟರ್ ಬಿಟ್ಟು ಇಳಿದು ಮತ್ತೆ ಒತ್ತಿದಾಗ ಬಂದರೆ ವಾಲ್ವ್ ಗೈಡಿನ ಕಡೆಗೂ, ಏರಿನಲ್ಲಿ ಭಾರವನ್ನೆಳೆಯುವಾಗ ಬಿಡದೆ ಬಂದರೆ ಪಿಸ್ಟನ್ ರಿಂಗುಗಳ ಕಡೆಗೂ ಅದು ಬೊಟ್ಟು ಮಾಡುತ್ತದೆ. ಕಪ್ಪು ಹೊಗೆಗೆ ಕಾರಣ ಗಾಳಿಯ ಕೊರತೆ ಅಥವಾ ಇಂಧನದ ಅತಿರೇಕ. ಗಾಣದ ಒಲೆಗೆ ಬಾಯಿ ತುಂಬ ರವದಿ ತುರುಕಿದಾಗ ಉರಿ ಕುಗ್ಗಿ ಹೊಗೆ ಎದ್ದಂತೆ ಇದು. ಬಿಳಿಯ ಹೊಗೆಯಲ್ಲಿ ಮಾತ್ರ ಅವಸರ ಸಲ್ಲದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರಿನಷ್ಟು ನೀರು ಹುಟ್ಟುವುದರಿಂದ, ಮಾಗಿಯ ಮುಂಜಾನೆಯಲ್ಲಿ ಸೈಲೆನ್ಸರಿನಿಂದ ಹಬೆ ಬರುವುದೂ ಹನಿ ತೊಟ್ಟಿಕ್ಕುವುದೂ ಸಹಜವಾದುದೇ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಸಿಹಿಯಾದ ವಾಸನೆ ಬೆರೆತು, ರೇಡಿಯೇಟರಿನ ನೀರು ದಿನದಿನಕ್ಕೆ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟನ್ನು ಶಂಕಿಸಬೇಕು. ಡೀಸೆಲ್ ಗಾಡಿಯಲ್ಲಿ ಕಣ್ಣುರಿಸುವ ಘಾಟಿನೊಡನೆ ಬಂದರೆ ಅದು ಉರಿಯದೆ ಹೊರಬಿದ್ದ ಡೀಸೆಲ್ಲೇ ಹೊರತು ನೀರಲ್ಲ, ಮತ್ತು ಆಗ ನೋಡಬೇಕಾದುದು ಹೀಟರ್ ಪ್ಲಗ್ಗು, ಪಂಪಿನ ಟೈಮಿಂಗು, ಕಂಪ್ರೆಷನ್ನು.

ಎರಡನೆಯ ಹೆಜ್ಜೆ ಪರೀಕ್ಷೆಯ ಚೀಟಿಯನ್ನು ಓದುವುದು. ಪಾಸೋ ಫೇಲೋ ಎಂದಷ್ಟೇ ನೋಡಿ ಮಡಚಿಡುವ ಆ ಕಾಗದದಲ್ಲಿ ಮಿಸ್ತ್ರಿಯ ಊಹೆಗಿಂತ ಹೆಚ್ಚಿನ ವಿಷಯ ಅಡಗಿರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 115ನೆಯ ನಿಯಮದಂತೆ ಬಿಎಸ್ 2 ಮತ್ತು ಬಿಎಸ್ 3ರ ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗಿನಲ್ಲಿ ಕಾರ್ಬನ್ ಮಾನಾಕ್ಸೈಡಿನ ಮಿತಿ ಶೇ. 0.5, ಹೈಡ್ರೊಕಾರ್ಬನ್ನಿನ ಮಿತಿ 750 ಪಿಪಿಎಂ. ಬಿಎಸ್ 4ರ ಕಾರುಗಳಿಗೆ ಇವು ಶೇ. 0.3 ಮತ್ತು 200. 2000ನೆಯ ಇಸವಿಯ ಮಾರ್ಚಿನ ಅನಂತರ ತಯಾರಾದ ಹಳೆಯ ಫೋರ್ ಸ್ಟ್ರೋಕ್ ದ್ವಿಚಕ್ರಗಳಿಗೆ ಶೇ. 3.5 ಮತ್ತು 4500. ಡೀಸೆಲ್ ವಾಹನಗಳಲ್ಲಿ ಅಳೆಯುವುದು ಹೊಗೆಯು ಬೆಳಕನ್ನು ತಡೆಯುವ ಪ್ರಮಾಣವನ್ನು. ಬಿಎಸ್ 4ಕ್ಕಿಂತ ಹಿಂದಿನವಕ್ಕೆ ಮೀಟರಿಗೆ 2.45, ಬಿಎಸ್ 4ಕ್ಕೆ 1.62. ಇನ್ನು ಈ ಅಂಕಿಗಳ ಇಂಗಿತ. ಮಾನಾಕ್ಸೈಡ್ ಮಾತ್ರ ಏರಿದ್ದರೆ ಇಂಧನ ಹೆಚ್ಚಾಗಿ ಗಾಳಿ ಸಾಲುತ್ತಿಲ್ಲ. ಹೈಡ್ರೊಕಾರ್ಬನ್ ಮಾತ್ರ ಏರಿದ್ದರೆ ಪ್ಲಗ್ಗು ಕಿಡಿ ತಪ್ಪುತ್ತಿದೆ, ಇಲ್ಲವೆ ಮಿಶ್ರಣ ತೀರ ತೆಳುವಾಗಿದೆ, ಇಲ್ಲವೆ ವಾಲ್ವ್ ಸುಟ್ಟಿದೆ. ಎರಡೂ ಏರಿದ್ದರೆ ಮಿಶ್ರಣ ಅತಿಯಾಗಿ ದಟ್ಟವಾಗಿರಬೇಕು ಅಥವಾ ಕ್ಯಾಟಲಿಟಿಕ್ ಕನ್ವರ್ಟರ್ ಸತ್ತಿರಬೇಕು. ಪೆಟ್ರೋಲ್ ಗಾಡಿಯೊಂದು ಕಣ್ಣಿಗೆ ಹೊಗೆಯನ್ನೇ ತೋರದೆ ಪರೀಕ್ಷೆಯಲ್ಲಿ ಸೋಲುವ ರಹಸ್ಯವೂ ಇಲ್ಲಿದೆ: ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿಟ್ಟು ಈ ತಪಾಸಣೆಗಳನ್ನು ಎಂದಿಗೂ ಮಾಡಕೂಡದೆಂಬುದಕ್ಕೆ ಕಾರಣವೂ ಅದೇ.

ದ್ವಿಚಕ್ರಗಳ ವಿಷಯದಲ್ಲಿ ಒಂದು ಕಪಟವನ್ನು ಹೇಳದೆ ವಿಧಿಯಿಲ್ಲ. ಪರೀಕ್ಷೆಯ ದಿನ ಕಾರ್ಬ್ಯುರೇಟರಿನ ಮಿಶ್ರಣದ ಸ್ಕ್ರೂ ತಿರುವಿ ಅಂಕಿಯನ್ನು ಇಳಿಸುತ್ತಾರೆ. ಮರುದಿನ ಗಾಡಿ ಸಿಗ್ನಲಿನಲ್ಲಿ ಬಂದ್ ಬೀಳತೊಡಗಿದಾಗ ಅದನ್ನು ಮೊದಲಿದ್ದಲ್ಲಿಗೆ ತಿರುಗಿಸುತ್ತಾರೆ. ಆರು ತಿಂಗಳ ಮೇಲೆ ಮತ್ತೆ ಅದೇ ನಾಟಕ. ಇದು ದುರಸ್ತಿಯಲ್ಲ. ಸ್ಕ್ರೂ ಮುಟ್ಟುವ ಮೊದಲು ಫ್ಲೋಟಿನ ಮಟ್ಟ, ಸವೆದ ಸೂಜಿ, ಚೋಕ್ ಪೂರ್ತಿ ಬಿಡುತ್ತಿದೆಯೇ ಎಂಬ ಮೂರನ್ನು ನೋಡಿಸಬೇಕು.

ಮೂರನೆಯ ಹೆಜ್ಜೆಯಾದ ಗಾಳಿಯ ವಿಚಾರದಲ್ಲಿ ನಾನು ಕೊಂಚ ಹೆಚ್ಚು ಹೊತ್ತು ನಿಲ್ಲುತ್ತೇನೆ. ಏಕೆಂದರೆ ಕಬ್ಬಿನ ಗಾಡಿಗಳು ಅರೆದ ಧೂಳು ಮುಗಿಲಿಗೇರುವ ಈ ಸೀಮೆಯಲ್ಲಿ ಬಹುಪಾಲು ಹೊಗೆಯ ಮೂಲ ಅಲ್ಲಿಯೇ ಇದೆಯೆಂಬುದು ನನ್ನ ಖಚಿತವಾದ ಅಭಿಪ್ರಾಯ. ಕಟ್ಟಿಕೊಂಡ ಏರ್ ಫಿಲ್ಟರ್ ಕಪ್ಪು ಹೊಗೆಯನ್ನು ಕೊಡುತ್ತದೆ, ಅದು ಎಲ್ಲರಿಗೂ ತಿಳಿದ ವಿಷಯ. ಹರಿದ ಫಿಲ್ಟರ್ ಹೊಗೆಯನ್ನು ಕೂಡಲೇ ಕೊಡುವುದಿಲ್ಲವಾದುದರಿಂದ ಅದರ ಕೇಡು ಇನ್ನೂ ಘೋರವಾದುದು. ಅದರ ಬಿರುಕಿನಿಂದ ನುಗ್ಗಿದ ಧೂಳು ಸಿಲಿಂಡರಿನ ಗೋಡೆಯನ್ನೂ ರಿಂಗುಗಳನ್ನೂ ತೇಯ್ದು, ತೇಯ್ದ ಸಂದಿನಿಂದ ಆಯಿಲ್ ಮೇಲೇರಿ ಉರಿದು, ಉರಿದ ಆಯಿಲಿನ ರಂಜಕವು ಕನ್ವರ್ಟರಿಗೆ ವಿಷವಾಗಿ, ಕೊನೆಗೆ ಗಾಡಿ ಪರೀಕ್ಷೆಯಲ್ಲಿ ಸೋತಾಗ ಒಡೆಯನು ಬದಲಿಸುವುದು ಕನ್ವರ್ಟರನ್ನು! ಕಾಗದದ ಫಿಲ್ಟರನ್ನು ಬಿಸಿಲಿಗೆ ಹಿಡಿದು ತೂತು ನೋಡಬೇಕು. ಗಾಳಿಯನ್ನು ಒಳಗಿನಿಂದ ಹೊರಕ್ಕೆ, ಮೆಲ್ಲಗೆ ಊದಬೇಕು. ಕಟಾವಿನ ಕಾಲದಲ್ಲಿ ಕಂಪನಿ ಹೇಳಿದ ಕಿಲೋಮೀಟರುಗಳನ್ನು ಕಾಯದೆ ಬದಲಿಸಬೇಕು. ಆಯಿಲ್ ಬಟ್ಟಲಿನ ಫಿಲ್ಟರುಳ್ಳ ಹಳೆಯ ಟ್ರ್ಯಾಕ್ಟರು, ಜೀಪುಗಳಲ್ಲಿ ಗೆರೆಯವರೆಗೆ ಮಾತ್ರ ಆಯಿಲ್ ತುಂಬಬೇಕು. ಮೀರಿದರೆ ಎಂಜಿನ್ ಅದನ್ನೇ ಹೀರಿ ನೀಲಿ ಹೊಗೆ ಬಿಡುತ್ತದೆ, ಮತ್ತು ರಿಂಗು ಹೋಯಿತೆಂಬ ಭ್ರಮೆ ಹುಟ್ಟುತ್ತದೆ. ಅದೇ ಭ್ರಮೆಯನ್ನು ಕಟ್ಟಿಕೊಂಡ ಬ್ರೀದರ್ ಕೊಳವೆಯೂ ಹುಟ್ಟಿಸಬಲ್ಲದು. ಕೆಲವೇ ರೂಪಾಯಿಗಳ ಆ ಕೊಳವೆಯನ್ನು ತೊಳೆಯದೆ ಎಂಜಿನ್ ಬಿಚ್ಚಲು ಒಪ್ಪಿಗೆ ಕೊಡಬಾರದು.

ನಾಲ್ಕನೆಯದು ಇಂಧನ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆತು, ಇಂದು ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ ಆಗಿದೆ. ಹೀಗೆ ನಮ್ಮ ಸೀಮೆಯ ಕಬ್ಬಿನ ರಸವೂ ಕಾಕಂಬಿಯೂ ಗಾಡಿಯ ಟ್ಯಾಂಕಿಗೆ ಬಂದಿಳಿದಿರುವುದರಲ್ಲಿ ರೈತನಿಗೆ ಸಂತೋಷವಿದ್ದರೂ, ಹಳೆಯ ಕಾರ್ಬ್ಯುರೇಟರಿನ ಗಾಡಿಗೆ ಅದರಿಂದ ಕೆಲವು ಪೀಡೆಗಳುಂಟು. ಎಥನಾಲ್ ಆಮ್ಲಜನಕವನ್ನು ತನ್ನಲ್ಲೇ ಹೊತ್ತು ತರುವುದರಿಂದ ಮಿಶ್ರಣ ತೆಳುವಾಗುತ್ತದೆ: ಚೀಟಿಯಲ್ಲಿ ಮಾನಾಕ್ಸೈಡ್ ಇಳಿದು, ಕಿಡಿ ಹಿಡಿಯದೆ ಹೈಡ್ರೊಕಾರ್ಬನ್ ಏರಿದ್ದರೆ ಇದನ್ನು ನೆನೆಯಬೇಕು. ಅದು ನೀರನ್ನು ಹೀರುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ತಳದ ಹಳೆಯ ಕಸವನ್ನು ಸಡಿಲಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ಕೊಳವೆ, ಫಿಲ್ಟರುಗಳನ್ನು ಒಮ್ಮೆ ಬದಲಿಸಿ, ಗಾಡಿಯನ್ನು ತಿಂಗಳುಗಟ್ಟಲೆ ಟ್ಯಾಂಕ್ ತುಂಬಿ ನಿಲ್ಲಿಸದಿರುವುದು ಇದಕ್ಕೆ ಪರಿಹಾರ. ಕಲಬೆರಕೆಯ ಸಂದೇಹ ಬಂದರೆ ಬಂಕಿನಲ್ಲಿಯೇ ಫಿಲ್ಟರ್ ಪೇಪರನ್ನು ಕೇಳುವ ಹಕ್ಕು ಗಿರಾಕಿಗೆ ಇದೆ; ಅದರ ಮೇಲೆ ಬಿದ್ದ ಶುದ್ಧ ಪೆಟ್ರೋಲಿನ ಹನಿ ಕಲೆಯುಳಿಸದೆ ಆರಿಹೋಗಬೇಕು.

ಡೀಸೆಲ್ ಗಾಡಿಯ ಇಂಧನವೆಂದರೆ ಪಂಪು ಮತ್ತು ನಾಝಲ್. 2008ರಲ್ಲಿಯೇ ಮೈಕೋ ಕಂಪನಿಯ ಹೆಸರು ಬಾಷ್ ಎಂದು ಬದಲಾದರೂ ನಮ್ಮವರ ಬಾಯಲ್ಲಿ ಅದರ ಪಂಪು ಇಂದಿಗೂ ಮೈಕೋ ಪಂಪೇ ಆಗಿದೆ. ಪಿಕಪ್ ಇಲ್ಲವೆಂದು ಗೊಣಗುವ ಒಡೆಯನನ್ನು ಸಮಾಧಾನಪಡಿಸಲು ಪಂಪಿನ ಡೀಸೆಲ್ ಹೆಚ್ಚಿಸುವ ಚಾಳಿಯೊಂದುಂಟು. ನಾಝಲ್ ಬದಲಿಸಿಯೂ ಮರಳಿ ಬರುವ ಕಪ್ಪು ಹೊಗೆಗೆ ಅನೇಕ ಸಲ ಅದೇ ಕಾರಣ. ಪಂಪನ್ನು ಕ್ಯಾಲಿಬ್ರೇಷನ್ ಬೆಂಚಿಗೆ ಹಾಕಿಸಿ, ಕಂಪನಿಯ ಅಳತೆಗೆ ತಂದು, ಸೀಲು ಹಾಕಿಸಿಕೊಂಡೇ ಬರತಕ್ಕದ್ದು.

ಐದನೆಯದು ನೀರು. ತಣ್ಣಗಿರುವ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು ಚಾಲೂ ಮಾಡಿದಾಗ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದರೆ ಉರಿಯ ಅನಿಲ ಗ್ಯಾಸ್ಕೆಟನ್ನು ದಾಟಿ ಬರುತ್ತಿದೆ. ಕಾದ ಎಂಜಿನ್ನಿನ ಮುಚ್ಚಳಕ್ಕೆ ಮಾತ್ರ ಕೈ ಹಚ್ಚಬಾರದು. ಗ್ಯಾಸ್ಕೆಟ್ ಬದಲಿಸಿದ ಗಾಡಿ ವರ್ಷದೊಳಗೆ ಮತ್ತೆ ಬಂದರೆ ಎರಡು ಪ್ರಶ್ನೆಗಳನ್ನು ಕೇಳಬೇಕು: ಹೆಡ್ಡಿನ ಸೊಟ್ಟನ್ನು ಅಳೆದು ಮಟ್ಟ ಮಾಡಿಸಿದ್ದರೇ? ಬೋರ್‌ವೆಲ್ಲಿನ ಗಡಸು ನೀರು ಹಾಕಿ ಹಾಕಿ ಸುಣ್ಣಗಟ್ಟಿದ ರೇಡಿಯೇಟರನ್ನು ತೊಳೆಸಿದ್ದರೇ? ಎಂಜಿನ್ ಅತಿಯಾಗಿ ಕಾಯುವ ಕಾರಣ ಹಾಗೆಯೇ ಉಳಿದರೆ ಹೊಸ ಗ್ಯಾಸ್ಕೆಟ್ಟೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಇನ್ನು ಸೈಲೆನ್ಸರ್. ಪ್ರತಿ ಸಲವೂ ಒಂದೇ ಜಾಗದಲ್ಲಿ ಬಿರಿಯುವ ಕೊಳವೆಗೆ ಎಷ್ಟು ವೆಲ್ಡಿಂಗ್ ಮಾಡಿಸಿದರೂ ವ್ಯರ್ಥವೇ. ಎಂಜಿನ್ನಿನ ಮೌಂಟಿಂಗ್ ಕುಸಿದು ಅಥವಾ ಕೊಳವೆಯನ್ನು ತೂಗುಹಾಕಿದ ರಬ್ಬರ್ ಹರಿದು ಎಂಜಿನ್ನಿನ ಕಂಪನವೆಲ್ಲ ಆ ಒಂದು ಬೆಸುಗೆಯ ಮೇಲೆ ಬೀಳುತ್ತಿರುತ್ತದೆ. ಆಕ್ಸಿಜನ್ ಸೆನ್ಸರ್ ಇರುವ ಕಾರುಗಳಲ್ಲಿ ಈ ಬಿರುಕಿಗೆ ಇನ್ನೊಂದು ಮುಖವಿದೆ: ಸೆನ್ಸರಿನ ಮುಂಚೆ ಬಿರುಕಿದ್ದರೆ ಅದರಿಂದ ಹೊರಗಿನ ಗಾಳಿ ಸೇರಿ, ಇಂಧನ ಸಾಲದೆಂದು ಕಂಪ್ಯೂಟರ್ ಮೋಸಹೋಗಿ, ಬೇಡದ ಪೆಟ್ರೋಲನ್ನು ಸುರಿಯುತ್ತದೆ, ಮಿಸ್ತ್ರಿ ಸೆನ್ಸರನ್ನು ಬದಲಿಸುತ್ತಾನೆ, ದೋಷ ಹಾಗೆಯೇ ಉಳಿಯುತ್ತದೆ. ತಣ್ಣಗಿನ ಎಂಜಿನ್ ಚಾಲೂ ಮಾಡಿ, ಚಿಂದಿ ಬಟ್ಟೆಯಿಂದ ಸೈಲೆನ್ಸರಿನ ತುದಿಯನ್ನು ಕ್ಷಣಕಾಲ ಒತ್ತಿ ಹಿಡಿದರೆ ಸೋರುವ ಜಾಗ ತಾನೇ ಬುಸುಗುಟ್ಟಿ ತಿಳಿಸುತ್ತದೆ. ಕನ್ವರ್ಟರನ್ನು ಎಲ್ಲಕ್ಕಿಂತ ಕೊನೆಗೆ ಶಂಕಿಸಬೇಕು, ಮತ್ತು ಅದನ್ನು ಕೊಂದದ್ದು ಮಿಸ್‌ಫೈರೋ ಆಯಿಲೋ ಎಂದು ತಿಳಿಯದೆ ಹೊಸದನ್ನು ಹಾಕಿಸಬಾರದು. ಒಳಗಿನ ಜಾಲರಿಯನ್ನು ಒಡೆದು ಬರಿ ಡಬ್ಬಿಯನ್ನು ಉಳಿಸುವ ಉಪಾಯವಂತೂ ಕಾನೂನಿಗೂ ಊರಿಗೂ ದ್ರೋಹ.

ಇಷ್ಟೆಲ್ಲ ಸರಿಯಿದ್ದೂ ನೀಲಿ ಹೊಗೆ ನಿಲ್ಲದಿದ್ದರೆ ಕಂಪ್ರೆಷನ್ ಪರೀಕ್ಷೆ. ಪೆಟ್ರೋಲ್ ಎಂಜಿನ್ನಿನಲ್ಲಿ ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು: ಒತ್ತಡ ಏರಿದರೆ ರಿಂಗು ಸವೆದಿದೆ, ಏರದಿದ್ದರೆ ದೋಷ ವಾಲ್ವಿನದು. ಡೀಸೆಲ್ಲಿಗೆ ಈ ಆಯಿಲಿನ ಪ್ರಯೋಗ ಅಪಾಯಕರ. ಅಲ್ಲಿ ಎಂಜಿನ್ ಓಡುವಾಗ ಆಯಿಲ್ ಮುಚ್ಚಳ ಸಡಿಲಿಸಿ, ಹೊಗೆ ಬುಸಬುಸನೆ ಒತ್ತಿಬರುವುದನ್ನು ನೋಡಿದರೂ ರಿಂಗಿನ ಸ್ಥಿತಿ ತಿಳಿಯುತ್ತದೆ. ವಾಲ್ವ್ ಕೆಲಸ ಹಳೆಯ ಗಾಡಿಗೂ ಲಾಭದಾಯಕವೇ. ಬೋರ್ ಹೊಡೆಸುವ ಖರ್ಚು ಮಾತ್ರ ಗಾಡಿಯ ಬೆಲೆಯ ಅರ್ಧವನ್ನು ಮೀರುವಂತಿದ್ದರೆ ಗುಜರಿಯ ದಾರಿಯೇ ಮೇಲೆಂದು ನನ್ನ ಎಣಿಕೆ. ಹೊಡೆಸಲೇಬೇಕೆಂದು ನಿಶ್ಚಯಿಸಿದವರಿಗೆ ಒಂದು ಸೂಚನೆ: ಹೊಸ ಪಿಸ್ಟನ್, ಹೊಸ ರಿಂಗುಗಳನ್ನು ಕೂಡಿಸಿದ ಎಂಜಿನ್ನಿಗೆ ಹರಿದ ಹಳೆಯ ಏರ್ ಫಿಲ್ಟರನ್ನೇ ಮರಳಿ ತೊಡಿಸಿ ಕಳಿಸುವ ಗ್ಯಾರೇಜುಗಳು ಕಡಿಮೆಯೇನಿಲ್ಲ, ಹಣ ಎಣಿಸುವ ಮುನ್ನ ಆ ಡಬ್ಬಿಯ ಕ್ಲಿಪ್ಪು ಬಿಚ್ಚಿಸಿ ಒಳಗಿರುವುದನ್ನು ಕಣ್ಣಾರೆ ನೋಡತಕ್ಕದ್ದು.