‘ಅನರ್ಹ’ ಎಂಬ ಮಾತಿನ ಅರ್ಥ

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬ

ವಿದ್ಯಾರ್ಥಿ ಜೀವನದಲ್ಲಿ ಆಶೆಗೆ ಇರುವ ಸ್ಥಾನ ಬಹು ದೊಡ್ಡದು. ಪದವಿಯ ತರಗತಿಗೆ ಬಂದು ಕುಳಿತ ಪ್ರತಿಯೊಬ್ಬನ ಮನಸ್ಸಿನಲ್ಲಿಯೂ ತಾನು ಮುಂದೆ ಹಿಡಿಯಬೇಕಾದ ಉದ್ಯೋಗದ ಒಂದು ಚಿತ್ರವಿರುತ್ತದೆ. ಒಬ್ಬನಿಗೆ ಅಧ್ಯಾಪಕನಾಗುವ ಹಂಬಲ, ಇನ್ನೊಬ್ಬನಿಗೆ ತಹಸೀಲ್ದಾರನಾಗುವ ಹಂಬಲ, ಮತ್ತೊಬ್ಬನಿಗೆ ಸಮವಸ್ತ್ರ ಧರಿಸುವ ಹಂಬಲ. ಹುದ್ದೆಗಳು ಕೆಲವೇ ಆಗಿ ಅರ್ಜಿದಾರರು ಸಾವಿರಾರು ಮಂದಿ ಇರುವಾಗ ಈ ಚಿತ್ರ ಒಡೆಯುವುದು ಅಪರೂಪವೇನೂ ಅಲ್ಲ. ಆದರೆ ದೇಹದಲ್ಲಿ ಒಂದು ಊನವುಳ್ಳವನಿಗೆ ಬರುವ ನಿರಾಕರಣೆಯು ಬೇರೆ ಬಗೆಯದು. ಇತರರಿಗೆ ಅದು ‘ನಿನ್ನ ಅಂಕಗಳು ಸಾಲವು’ ಎಂದು ಹೇಳಿದರೆ, ಅವನಿಗೆ ‘ನೀನೇ ಸಾಲದವನು’ ಎಂದು ಹೇಳಿದಂತೆ ಕೇಳಿಸುತ್ತದೆ. ಈ ಎರಡು ಮಾತುಗಳ ನಡುವಣ ಅಂತರವನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಮೊದಲು ಮಾತನ್ನೇ ನೋಡೋಣ. ಆಯ್ಕೆ ಪಟ್ಟಿಗಳಲ್ಲಿ ಹೆಸರಿನ ಮುಂದೆ ಅಚ್ಚಾಗುವ ಮಾತು ‘ಅನರ್ಹ’. ‘ಅರ್ಹ’ ಎಂದರೆ ಯೋಗ್ಯ, ತಕ್ಕವನು. ಅದರ ನಿಷೇಧವೇ ‘ಅನರ್ಹ’. ಇಷ್ಟು ಎಲ್ಲರೂ ಬಲ್ಲರು. ಆದರೆ ಕನ್ನಡದಲ್ಲಿ ಈ ಶಬ್ದವು ಒಂಟಿಯಾಗಿ ನಿಲ್ಲುವುದಿಲ್ಲ. ‘ಬಹುಮಾನಕ್ಕೆ ಅರ್ಹ’, ‘ಶಿಕ್ಷೆಗೆ ಅರ್ಹ’, ‘ಪದವಿಗೆ ಅರ್ಹ’ ಎಂದು ಅದು ಚತುರ್ಥೀ ವಿಭಕ್ತಿಯ ಒಂದು ಪದವನ್ನು ಬೇಡುತ್ತದೆ. ‘ಯಾವುದಕ್ಕೆ?’ ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಅದರ ಅರ್ಥ ಪೂರ್ತಿಯಾಗದು. ಪಟ್ಟಿಯನ್ನು ಅಚ್ಚು ಹಾಕುವವರು ಸ್ಥಳದ ಅಭಾವದಿಂದ ಆ ಪದವನ್ನು ಬಿಟ್ಟುಬಿಡುತ್ತಾರೆ. ಓದುವವನು ದುಃಖದ ಭರದಲ್ಲಿ ಆ ತೆರವಾದ ಜಾಗಕ್ಕೆ ತನ್ನ ಇಡೀ ಬಾಳನ್ನೇ ತುಂಬಿಕೊಳ್ಳುತ್ತಾನೆ. ಬಿಟ್ಟುಹೋದ ಆ ಚತುರ್ಥಿಯನ್ನು ಮತ್ತೆ ಸೇರಿಸಿ ಓದುವುದೇ ನಿರಾಕರಣೆಯನ್ನು ಎದುರಿಸುವ ಮೊದಲನೆಯ ಪಾಠವೆಂದು ನನ್ನ ನಂಬಿಕೆ. ಯಾವ ಕೆಲಸಕ್ಕೆ ಅನರ್ಹ? ಯಾವ ನಿಯಮದಿಂದ ಅನರ್ಹ? ಆ ನಿಯಮ ಆ ಕೆಲಸಕ್ಕೆ ನಿಜವಾಗಿ ಬೇಕೇ?

ಹೀಗೆ ಕೇಳುತ್ತ ಹೋದರೆ ನಿರಾಕರಣೆಗಳು ಮೂರು ಬಗೆಯವೆಂದು ತಿಳಿಯುತ್ತದೆ. ಅಂಕಗಳು ಸಾಲದೆ ಬಂದುದು ಒಂದು. ನಿಯಮದ ಅಥವಾ ಅಧಿಕಾರಿಗಳ ಕಲ್ಪನೆ ಸಾಲದೆ ಬಂದುದು ಇನ್ನೊಂದು. ದೇಹವು ಆ ಕೆಲಸವನ್ನು ನಿಜವಾಗಿಯೂ ಮಾಡಲಾರದೆ ಬಂದುದು ಮೂರನೆಯದು. ಮೂರಕ್ಕೂ ಒಂದೇ ಔಷಧವಿಲ್ಲ.

ಮೊದಲನೆಯದರ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಅಂಕ ಸಾಲದಿದ್ದರೆ ಮತ್ತೆ ಓದಬೇಕು, ಮತ್ತೆ ಬರೆಯಬೇಕು. ಆದರೆ ಊನವುಳ್ಳವನು ತನಗೆ ಬಂದ ಪ್ರತಿಯೊಂದು ನಿರಾಕರಣೆಯನ್ನೂ ಊನದ ಲೆಕ್ಕಕ್ಕೆ ಬರೆದುಕೊಂಡರೆ, ಓದಿ ಸರಿಪಡಿಸಬಹುದಾದುದನ್ನೂ ಹಣೆಯ ಬರಹವೆಂದು ಕೈಬಿಟ್ಟಂತಾಗುತ್ತದೆ.

ಎರಡನೆಯ ಬಗೆಗೆ ನಿದರ್ಶನಗಳು ಹಲವು. ಅಮೆರಿಕದ ಜೂಡಿತ್ ಹ್ಯೂಮನ್ ಎಂಬಾಕೆ 1947ರಲ್ಲಿ ಹುಟ್ಟಿದರು. ಎರಡು ವರ್ಷ ತುಂಬುವ ಮೊದಲೇ ಪೋಲಿಯೋ ತಗುಲಿ ಬಾಳೆಲ್ಲ ಗಾಲಿಕುರ್ಚಿಯಲ್ಲಿ ಕಳೆಯಬೇಕಾಯಿತು. ಬಾಲ್ಯದಲ್ಲಿ ಶಾಲೆಗೆ ಸೇರಿಸಲು ತಾಯಿ ಕರೆದೊಯ್ದಾಗ, ಬೆಂಕಿ ಬಿದ್ದರೆ ಗಾಲಿಕುರ್ಚಿ ಅಪಾಯಕರವೆಂದು ಹೇಳಿ ಹಿಂದಿರುಗಿಸಿದರು. ಆಕೆ ಓದಿ ಅಧ್ಯಾಪಕಿಯಾಗಬಯಸಿ ನ್ಯೂಯಾರ್ಕಿನ ಪರೀಕ್ಷೆಗಳಲ್ಲಿ ತೇರ್ಗಡೆಯಾದರು. 1970ರಲ್ಲಿ ವೈದ್ಯಪರೀಕ್ಷೆಯ ನೆಪದಿಂದ ಅಧ್ಯಾಪನದ ಅನುಮತಿ ಪತ್ರ ಸಿಗಲಿಲ್ಲ. ಕಾರಣ ಹಳೆಯದೇ: ಬೆಂಕಿ ಬಿದ್ದರೆ ಮಕ್ಕಳನ್ನು ಹೇಗೆ ಹೊರಗೆ ಕರೆತರುವಿರಿ? ಆಕೆ ನ್ಯಾಯಾಲಯಕ್ಕೆ ಹೋದರು. ಮಂಡಳಿಯವರು ತಮ್ಮ ನಿರ್ಧಾರವನ್ನು ಬದಲಿಸಬೇಕಾಯಿತು. ನ್ಯೂಯಾರ್ಕಿನ ಶಾಲೆಗಳಲ್ಲಿ ಗಾಲಿಕುರ್ಚಿಯ ಮೇಲಿಂದ ಪಾಠ ಹೇಳಿದ ಮೊದಲ ಅಧ್ಯಾಪಕಿಯೆಂಬ ಹೆಸರು ಆಕೆಗೆ ಬಂತು. ಮುಂದೆ 1977ರಲ್ಲಿ ಸಾನ್ ಫ್ರಾನ್ಸಿಸ್ಕೋ ನಗರದ ಸರ್ಕಾರಿ ಕಟ್ಟಡವೊಂದರಲ್ಲಿ ಅಂಗವಿಕಲರು ಮೂರು ವಾರಕ್ಕೂ ಮಿಗಿಲಾಗಿ ನಡೆಸಿದ ಧರಣಿಗೆ ಆಕೆಯೇ ಮುಂದಾಳುಗಳಲ್ಲಿ ಒಬ್ಬರು. 2023ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ದೇಶದ ಕಾನೂನೇ ಬದಲಾಗಿತ್ತು. ಇಲ್ಲಿ ಸಾಲದೆ ಇದ್ದುದು ಆಕೆಯ ಕಾಲೋ ಮಂಡಳಿಯ ಕಲ್ಪನೆಯೋ ಎಂಬುದನ್ನು ಓದುಗರೇ ಹೇಳಬಹುದು.

ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ಇರಾ ಸಿಂಘಾಲ್ ಅವರದಿದೆ. ಬೆನ್ನೆಲುಬು ಬಾಗಿದ ಈಕೆ 2010ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ತೇರ್ಗಡೆಯಾದರೂ, ಭಾರವನ್ನು ತಳ್ಳಲು, ಎಳೆಯಲು, ಎತ್ತಲು ಆಗದೆಂಬ ಕಾರಣದಿಂದ ಕಂದಾಯ ಸೇವೆಯ ಹುದ್ದೆ ದೊರೆಯಲಿಲ್ಲ. ತೆರಿಗೆಯ ಕಡತಗಳನ್ನು ನೋಡುವವರು ಮೂಟೆ ಹೊರಬೇಕೇ ಎಂದು ಯಾರೂ ಕೇಳಿರಲಿಲ್ಲ. ಈಕೆ ಕೇಳಿದರು. ಕೇಂದ್ರ ಆಡಳಿತ ನ್ಯಾಯಮಂಡಳಿಯಲ್ಲಿ ವ್ಯಾಜ್ಯ ಹೂಡಿ 2014ರಲ್ಲಿ ಗೆದ್ದರು. ಅದೇ ವರ್ಷದ ಪರೀಕ್ಷೆಯನ್ನು ಮತ್ತೆ ಬರೆದು ಇಡೀ ದೇಶಕ್ಕೆ ಪ್ರಥಮರಾದರು. ಬಾಲ್ಯದಲ್ಲೇ ಕಣ್ಣು ಕಳೆದುಕೊಂಡ ಮಹಾರಾಷ್ಟ್ರದ ಪ್ರಾಂಜಲ್ ಪಾಟೀಲರ ಕಥೆಯೂ ಇಂಥದೇ. ನಾಗರಿಕ ಸೇವಾ ಪರೀಕ್ಷೆಯಲ್ಲಿ ಗೆದ್ದ ಮೇಲೆ ಪೂರ್ಣ ಅಂಧತ್ವದ ಕಾರಣದಿಂದ ರೈಲ್ವೆ ಲೆಕ್ಕಪತ್ರ ಸೇವೆ ಕೈತಪ್ಪಿತು. ಮರುವರ್ಷದ ಪರೀಕ್ಷೆಯಲ್ಲಿ 124ನೆಯ ಸ್ಥಾನ ಪಡೆದು ಐ.ಎ.ಎಸ್. ಸೇರಿ, 2019ರಲ್ಲಿ ತಿರುವನಂತಪುರದ ಸಬ್ ಕಲೆಕ್ಟರರಾಗಿ ಅಧಿಕಾರ ವಹಿಸಿಕೊಂಡರು. ತೀರ ಈಚೆಗೆ, 2025ರ ಮಾರ್ಚ್ 3ರಂದು, ಅಂಧರಾದವರನ್ನು ನ್ಯಾಯಾಧೀಶರ ಹುದ್ದೆಯಿಂದ ದೂರವಿಡುತ್ತಿದ್ದ ಮಧ್ಯಪ್ರದೇಶದ ನಿಯಮವನ್ನು ಸುಪ್ರೀಂ ಕೋರ್ಟು ತೊಡೆದುಹಾಕಿತು. ಈ ವಿಚಾರಣೆ ಆರಂಭವಾದುದು ದೃಷ್ಟಿಯಿಲ್ಲದ ಅಭ್ಯರ್ಥಿಯೊಬ್ಬರ ತಾಯಿ ನ್ಯಾಯಾಲಯಕ್ಕೆ ಬರೆದ ಒಂದು ಕಾಗದದಿಂದ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಮೂರನೆಯ ಬಗೆ ಇಲ್ಲವೆಂದು ತಿಳಿಯಬಾರದು. ದೇಹವು ನಿಜವಾಗಿಯೂ ‘ಆಗದು’ ಎನ್ನುವ ಕೆಲಸಗಳಿವೆ. ಅದನ್ನು ಮರೆಮಾಚುವುದು ಧೈರ್ಯವಲ್ಲ. ಸೈನಿಕರಾಗಿದ್ದ ಮುರಳಿಕಾಂತ ಪೇಟ್ಕರ್ ಅವರು ಮುಷ್ಟಿಯುದ್ಧದ ಪಟುಗಳು. 1965ರ ಯುದ್ಧದಲ್ಲಿ ಗುಂಡೇಟು ತಗುಲಿ ಸೊಂಟದ ಕೆಳಗಿನ ಶಕ್ತಿ ಹೋಯಿತು. ಯಾವ ನ್ಯಾಯಾಲಯವೂ ಅವರನ್ನು ಮುಷ್ಟಿಯುದ್ಧದ ಅಂಕಣಕ್ಕೆ ಮತ್ತೆ ನಿಲ್ಲಿಸಲಾರದು. ಅವರು ನೀರಿಗಿಳಿದರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ನಡೆದ ಅಂಗವಿಕಲರ ವಿಶ್ವ ಕ್ರೀಡಾಕೂಟದಲ್ಲಿ 50 ಮೀಟರ್ ಈಜಿನಲ್ಲಿ ಗೆದ್ದು, ಭಾರತಕ್ಕೆ ಆ ಕೂಟದ ಮೊದಲ ಚಿನ್ನದ ಪದಕವನ್ನು ತಂದರು. ಅಂಕಣ ಹೋಯಿತು, ಆಟ ಹೋಗಲಿಲ್ಲ. ಮೂರನೆಯ ಬಗೆಯ ನಿರಾಕರಣೆ ಬಂದವರು ಕೇಳಿಕೊಳ್ಳಬೇಕಾದುದು ಇದನ್ನೇ: ನಾನು ಆಶಿಸಿದ್ದು ಆ ಹುದ್ದೆಯನ್ನೋ, ಅಥವಾ ಆ ಹುದ್ದೆಯ ಒಳಗಿದ್ದ ಇನ್ನಾವುದನ್ನೋ?

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಬದಲಿ ದಾರಿಯನ್ನು ಅವನೇ ಆರಿಸಬೇಕಲ್ಲದೆ ನೆರೆಯವರು ಆರಿಸಿಕೊಡಬಾರದು. ನಮ್ಮ ನಾಡಿನಲ್ಲಿ ಕಣ್ಣಿಲ್ಲದ ಮಗು ಹುಟ್ಟಿದರೆ ‘ಗದಗಿಗೆ ಕಳಿಸಿ, ಸಂಗೀತ ಕಲಿಯಲಿ’ ಎನ್ನುವ ವಾಡಿಕೆಯುಂಟು. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ವೀರೇಶ್ವರ ಪುಣ್ಯಾಶ್ರಮದಲ್ಲಿ ಮಾಡಿದ ಉಪಕಾರವನ್ನು ಕನ್ನಡಿಗರು ಮರೆಯಲಾರರು. ಆದರೆ ಕಣ್ಣಿಲ್ಲದವರಿಗೆಲ್ಲ ಕಂಠವಿರುತ್ತದೆಯೇ? ಗಣಿತ ಬೇಕೆನ್ನುವ ಮಗುವಿನ ಕೈಗೆ ಹಾರ್ಮೋನಿಯಂ ಕೊಡುವುದೂ ಒಂದು ಬಗೆಯ ನಿರಾಕರಣೆಯೇ.

ಈ ವಿಚಾರಗಳು ನನಗೆ ಪುಸ್ತಕದಿಂದ ಮಾತ್ರ ಬಂದುವಲ್ಲ. ಬಾಲ್ಯದಲ್ಲಿ ಕಿವಿ ಸೋರಿ ನನ್ನ ಬಲಗಿವಿ ಕೇಳದಾಯಿತು. ಎಡಗಿವಿ ಚೆನ್ನಾಗಿದೆ, ತರಗತಿಯಲ್ಲಿ ಬಲಗಡೆಯ ಗೋಡೆಯ ಪಕ್ಕ ಕುಳಿತರೆ ಪಾಠಕ್ಕೆ ಯಾವ ಅಡ್ಡಿಯೂ ಇಲ್ಲ. ಚಿಕ್ಕಂದಿನಿಂದ ಬಯಸಿದ್ದ ಸಮವಸ್ತ್ರದ ಹುದ್ದೆಯೊಂದಕ್ಕೆ ಕಳೆದ ವರ್ಷ ಅರ್ಜಿ ಹಾಕಿದೆ. ಬರಹದ ಪರೀಕ್ಷೆ ಆಯಿತು, ಓಟ ಆಯಿತು. ವೈದ್ಯಪರೀಕ್ಷೆಯ ಪಟ್ಟಿಯಲ್ಲಿ ‘ಅನರ್ಹ’ ಎಂದು ಬಂತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನನಗಿಂತ ಮೊದಲು ಯಾರೂ ಇಲ್ಲ. ಸುದ್ದಿ ತಿಳಿಸಿದಾಗ ನಮ್ಮಪ್ಪ, ‘ಯಾವ ಪಾಠದಾಗೆ ಹೋಯ್ತು ಮಗ?’ ಎಂದು ಕೇಳಿದರು. ಯಾವ ಪಾಠದಲ್ಲಿಯೂ ಹೋಗಲಿಲ್ಲವೆಂದು ಅವರಿಗೆ ತಿಳಿಯಹೇಳುವುದು ನನಗೆ ಬಹಳ ಕಷ್ಟವಾಯಿತು. ಅವ್ವ ಮಾತೇ ಆಡಲಿಲ್ಲ. ಕಿವಿ ಸೋರುವಾಗ ಎಲ್ಲ ಹಳ್ಳಿಗಳಲ್ಲಿ ಮಾಡುವಂತೆ ಆಕೆಯೂ ಬಿಸಿ ಮಾಡಿದ ಎಣ್ಣೆ ಬಿಟ್ಟಿದ್ದಳು. ಆ ರಾತ್ರಿ ಊಟ ಬಡಿಸುವಾಗ, ‘ನನ್ನಿಂದ್ಲೇ ಆಯ್ತೇನೋ’ ಎಂದಳು. ನಿರಾಕರಣೆಯ ಪೆಟ್ಟು ಅರ್ಜಿ ಹಾಕಿದವನೊಬ್ಬನಿಗೇ ಬೀಳುವುದಿಲ್ಲವೆಂಬುದು ಆಗ ತಿಳಿಯಿತು.

ಕೆಲವು ದಿನಗಳ ಮೇಲೆ ಬಿಟ್ಟುಹೋದ ಚತುರ್ಥಿಯನ್ನು ಸೇರಿಸಿ ಓದಲು ತೊಡಗಿದೆ. ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯಲು ಎರಡು ಕಿವಿಗಳೂ ಬೇಕು. ಒಂದು ಕಿವಿಗೂ ಇನ್ನೊಂದಕ್ಕೂ ಸದ್ದು ಮುಟ್ಟುವ ಹೊತ್ತಿನಲ್ಲಿ ಇರುವ ಅತ್ಯಲ್ಪ ವ್ಯತ್ಯಾಸದಿಂದಲೇ ಮಿದುಳು ದಿಕ್ಕನ್ನು ಅರಿಯುತ್ತದೆ. ಕತ್ತಲಲ್ಲಿ ಗಸ್ತು ತಿರುಗುವವನಿಗೆ ಇದು ಬೇಕಾದ ಶಕ್ತಿಯೇ. ಆದುದರಿಂದ ಆ ನಿಯಮ ಪೂರ್ತಿ ಅನ್ಯಾಯವೆಂದು ನಾನು ಹೇಳಲಾರೆ. ಆದರೆ ಅದೇ ಇಲಾಖೆಯಲ್ಲಿ ದೂರು ಬರೆದುಕೊಳ್ಳುವ, ಕಡತ ನೋಡುವ ಕೆಲಸಗಳೂ ಇವೆ. ಕಿವಿಯನ್ನು ಅಳೆಯುವುದರ ಬದಲು ಕೆಲಸವನ್ನು ಮಾಡಿಸಿ ನೋಡಿದರೆ ಆಗದೇ ಎಂಬ ಪ್ರಶ್ನೆ ಮಾತ್ರ ನನ್ನಲ್ಲಿ ಉಳಿದಿದೆ.

ಇನ್ನೊಂದು ತೊಡಕನ್ನೂ ಕಂಡೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಅಧಿನಿಯಮವು 21 ಬಗೆಯ ಊನತೆಗಳನ್ನು ಒಪ್ಪುತ್ತದೆ. 1995ರ ಹಳೆಯ ಕಾನೂನಿನಲ್ಲಿ ಇದ್ದುವು ಏಳು ಮಾತ್ರ. ಶೇಕಡ 40ಕ್ಕೆ ಕಡಿಮೆಯಿಲ್ಲದ ಊನವುಳ್ಳವರಿಗೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡ 4ರ ಮೀಸಲಾತಿಯುಂಟು. ಆದರೆ ಕಿವಿಯ ಊನವನ್ನು ಅದು ಎರಡೂ ಕಿವಿಗಳ ಲೆಕ್ಕದಲ್ಲಿ ಅಳೆಯುತ್ತದೆ. ಹೀಗಾಗಿ ನನ್ನಂಥವನು ಹುದ್ದೆ ಕೊಡುವಾಗ ಊನವುಳ್ಳವನು, ಮೀಸಲಾತಿ ಕೊಡುವಾಗ ಊನವಿಲ್ಲದವನು! ಈ ನಡುವಣ ಜಾಗದಲ್ಲಿ ನಿಂತವರು ಅನೇಕರಿರಬೇಕು. ಅವರಿಗೆ ಸ್ವಲ್ಪ ಭರವಸೆ ಕೊಡುವ ತೀರ್ಪೊಂದಿದೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಗೆ, ಶೇಕಡ 40ರ ಗೆರೆಯನ್ನು ಮುಂದಿಟ್ಟು, ಪರೀಕ್ಷೆಯಲ್ಲಿ ಬರೆದುಕೊಡುವ ಸಹಾಯಕನನ್ನು ನಿರಾಕರಿಸಲಾಗಿತ್ತು. 2021ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟು, ಆ ಗೆರೆ ಮೀಸಲಾತಿಯಂಥವಕ್ಕೆ ಮಾತ್ರ ಸಂಬಂಧಿಸಿದ್ದು, ಅವಶ್ಯವಿರುವ ಸೌಕರ್ಯವನ್ನು ಅದರ ನೆಪದಿಂದ ತಡೆಯಕೂಡದು ಎಂದು ಹೇಳಿತು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ನಿರಾಕರಣೆಯ ಕಾರಣವನ್ನು ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗದೆ ಬರಹದಲ್ಲಿ ಕೇಳಬೇಕು. ಸರ್ಕಾರಿ ಕಚೇರಿಯಾದರೆ 2005ರ ಮಾಹಿತಿ ಹಕ್ಕು ಅಧಿನಿಯಮ ಇದಕ್ಕೆ ದಾರಿ ಕೊಟ್ಟಿದೆ. ಎರಡನೆಯದಾಗಿ, ಮರುಪರೀಕ್ಷೆಗೆ ಅವಕಾಶವಿದೆಯೇ, ಅದರ ಗಡುವು ಎಂದಿಗೆ ಎಂಬುದನ್ನು ಪ್ರಕಟಣೆಯಲ್ಲೇ ನೋಡಿಕೊಳ್ಳಬೇಕು. ದುಃಖದಲ್ಲಿ ಕಳೆದ ವಾರಗಳಲ್ಲಿಯೇ ಗಡುವು ಮೀರಿಹೋಗುವುದುಂಟು. ಮೂರನೆಯದಾಗಿ, ಅನ್ಯಾಯವೆಂದು ತೋರಿದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು. ನಾಲ್ಕನೆಯದಾಗಿ, ಇದೆಲ್ಲ ನಡೆಯುತ್ತಿರುವಾಗ ಓದು ನಿಲ್ಲಬಾರದು. ಇರಾ ಅವರು ವ್ಯಾಜ್ಯ ನಡೆಯುತ್ತಿದ್ದಾಗಲೂ ಪರೀಕ್ಷೆ ಬರೆಯುವುದನ್ನು ಬಿಡಲಿಲ್ಲ.

ಜೊತೆಗೆ ಇನ್ನೊಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. ದೇಶಕ್ಕೆ ಮೊದಲಿಗರಾಗುವವರು ಒಬ್ಬರೇ. ಹೋರಾಡಿಯೂ ಗೆಲ್ಲದವರ ಹೆಸರು ಪತ್ರಿಕೆಗಳಲ್ಲಿ ಬರುವುದಿಲ್ಲ. ಆದುದರಿಂದ ನೊಂದವನ ಮುಂದೆ ಮಹಾಪುರುಷರ ಪಟ್ಟಿಯನ್ನು ಓದಿ ‘ಅವರಿಂದ ಆದುದು ನಿನ್ನಿಂದೇಕೆ ಆಗದು?’ ಎಂದು ಕೇಳುವುದು ಸಮಾಧಾನವಾಗಲಾರದು. ಅದು ಎರಡನೆಯ ನಿರಾಕರಣೆಯಾಗುತ್ತದೆ. ಮೇಲಿನ ಹೆಸರುಗಳನ್ನು ನಾನು ಹೇಳಿದ್ದು ಅವರಂತೆ ಆಗಬೇಕೆಂದಲ್ಲ, ‘ಅನರ್ಹ’ ಎಂದು ಬರೆದ ಕೈಗಳು ಹಲವು ಸಲ ತಪ್ಪು ಬರೆದಿವೆ ಎಂದು ತೋರಿಸಲು. ಕೆಲವು ದಿನ ದುಃಖಪಡುವುದು ದೌರ್ಬಲ್ಯವೂ ಅಲ್ಲ. ಆಶೆ ದೊಡ್ಡದಾಗಿದ್ದಷ್ಟು ದುಃಖವೂ ದೊಡ್ಡದು. ಅದಕ್ಕೆ ಅದರ ಕಾಲವನ್ನು ಕೊಡಬೇಕು.

ಕೊನೆಯದಾಗಿ ನಮ್ಮ ಕಾಲೇಜಿನ ಗುರುಗಳಲ್ಲಿಯೂ ಸಹಪಾಠಿಗಳಲ್ಲಿಯೂ ಒಂದು ವಿನಂತಿ. ಯಾವ ಹುದ್ದೆಗೆ ಯಾವ ದೇಹ ನಿಯಮವಿದೆ, ಯಾವ ಊನಕ್ಕೆ ಯಾವ ಹುದ್ದೆಗಳು ತೆರೆದಿವೆ ಎಂಬುದನ್ನು ಪ್ರಥಮ ವರ್ಷದಲ್ಲಿಯೇ ತಿಳಿಸುವ ವ್ಯವಸ್ಥೆಯಾದರೆ ಎಷ್ಟೋ ಕಣ್ಣೀರು ಉಳಿದೀತು. ಓದು ಬಲ್ಲವರ ಮನೆಯ ಹುಡುಗನಿಗೆ ಇದನ್ನು ಹೇಳಲು ಅಣ್ಣನೋ ಮಾವನೋ ಇರುತ್ತಾನೆ. ಮೊದಲ ತಲೆಮಾರಿನವನಿಗೆ ಕಾಲೇಜೇ ಅಣ್ಣ, ಕಾಲೇಜೇ ಮಾವ. ನಾನೀಗ ಬಿ.ಎಡ್. ಓದುವ ಯೋಚನೆಯಲ್ಲಿದ್ದೇನೆ. ಅದು ನನ್ನ ಮೊದಲ ಆಶೆಯಲ್ಲ. ಆದರೆ ಎರಡನೆಯ ಆಶೆಯೂ ಆಶೆಯೇ. ತರಗತಿಯ ಗೋಡೆಯ ಪಕ್ಕ ಒಂದೇ ಕಡೆ ಕುಳಿತುಕೊಳ್ಳುವ ಮಗುವೊಂದು ನನ್ನ ಕಣ್ಣಿಗೆ ಬಿದ್ದರೆ, ಅದು ಏಕೆ ಅಲ್ಲಿ ಕುಳಿತಿದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಷ್ಟರ ಮಟ್ಟಿಗೆ ನಾನು ಆ ಕೆಲಸಕ್ಕೆ ಅರ್ಹನೆಂದು ಭಾವಿಸಿದ್ದೇನೆ.